ಫೋಟೋ ಕಳಿಸಿ ಸರ್

ನನ್ನ ಕಾರಿನ ಬಾನೆಟ್ ಈಗ ಎರಡು ಥರ ಇದೆ. ಎಡಗಡೆ ಅರ್ಧ ಕನ್ನಡಿ, ಬೇಕಾದರೆ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಬಲಗಡೆ ಅರ್ಧ ಹಳೇ ಪಾತ್ರೆಯ ತಳದ ಹಾಗೆ ಗೀರು ಗೀರು. 19 ದಿನದಿಂದ ಇದೇ ವೇಷದಲ್ಲಿ ಓಡಾಡುತ್ತಿದ್ದೇನೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವರು ಒಮ್ಮೆ ಕಾರನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ಒಬ್ಬರಂತೂ ಗಾಜು ಇಳಿಸಿ, "ಇದೇನು ಹೊಸ ಡಿಸೈನಾ?" ಅಂತ ಕೇಳಿಯೇಬಿಟ್ಟರು. ಹೂಂ ಅಂದೆ. ಇನ್ನೇನು ಹೇಳಲಿ, ಸಿಗ್ನಲ್ ಬಿಡೋದರೊಳಗೆ ಮುಗಿಯೋ ಕಥೆಯಲ್ಲ ಇದು.

ಇಷ್ಟಕ್ಕೆಲ್ಲ ಕಾರಣ ಒಂದು ಬಿಲ್ಲೆ. ಬ್ಯಾಕಿಂಗ್ ಪ್ಲೇಟ್ ಅಂತಾರೆ. ಪಾಲಿಶ್ ಮೆಷಿನ್ ಇಟ್ಟುಕೊಂಡವರಿಗೆ ಅದರ ಹೆಸರು ಕೇಳಿದರೇ ಹೊಟ್ಟೆ ಉರಿಯುತ್ತೆ. ಮಿಕ್ಕವರಿಗೆ ಹೇಳೋದಾದರೆ, ಮೆಷಿನ್ನಿಗೂ ಸ್ಪಂಜಿನ ಪ್ಯಾಡಿಗೂ ನಡುವೆ ಇರುವ 5 ಇಂಚಿನ ತಟ್ಟೆ ಅದು. ಮೆಷಿನ್ ಕಡೆಗೆ ಬೋಲ್ಟು, ಪ್ಯಾಡ್ ಕಡೆಗೆ ವೆಲ್ಕ್ರೋ. ಕೊಳ್ಳುವಾಗ ಯಾರೂ ಅದರ ಮುಖ ನೋಡಲ್ಲ. ಮೋಟಾರು ಎಷ್ಟು ವ್ಯಾಟು, ವೈರು ಎಷ್ಟು ಉದ್ದ, ಬ್ಯಾಗು ಕೊಡ್ತಾರಾ ಅಂತ ಮಾತ್ರ ಕೇಳ್ತೀವಿ. ಆದರೆ ಬಿಲ್ಲೆ ಕೈಕೊಟ್ಟ ದಿನ ಆ ದುಬಾರಿ ಮೆಷಿನ್ ಬರೀ ಕೈ ನಡುಗಿಸೋ ಯಂತ್ರ ಆಗಿಬಿಡುತ್ತೆ.

ನನ್ನದು ಡ್ಯುಯಲ್ ಆಕ್ಷನ್. ಪ್ಯಾಡ್ 15 ಮಿಲಿಮೀಟರಿನ ಪುಟ್ಟ ಸುತ್ತಿನಲ್ಲಿ ಓಲಾಡುತ್ತೆ, ಜೊತೆಗೆ ತನ್ನ ಸುತ್ತ ತಾನೂ ತಿರುಗುತ್ತೆ. ಓಲಾಟವನ್ನು ಮೋಟಾರು ಹಟ ಹಿಡಿದು ಮಾಡಿಸುತ್ತೆ. ತಿರುಗೋದು ಮಾತ್ರ ಪ್ಯಾಡಿನ ಮರ್ಜಿ. ಮೇಲಿಂದ ಜಾಸ್ತಿ ಒತ್ತಿದರೆ ತಿರುಗೋದು ನಿಲ್ಲುತ್ತೆ, ನಿಂತಲ್ಲೇ ನಡುಗುತ್ತೆ, ಬಿಸಿಯಾಗಿ ಕಾಯುತ್ತೆ. ಕಾದರೆ ವೆಲ್ಕ್ರೋದ ನೈಲಾನ್ ಕೊಕ್ಕೆಗಳು ಮೆತ್ತಗಾಗಿ ಹಿಡಿತ ಬಿಡುತ್ತವೆ. ಹಿಡಿತ ಬಿಟ್ಟರೆ ಪ್ಯಾಡ್ ಜಾರುತ್ತೆ, ಜಾರಿದರೆ ಇನ್ನಷ್ಟು ಕಾಯುತ್ತೆ. ಅದಕ್ಕೇ ತಿಳಿದವರು ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ ಅಂತಾರೆ. ಗೆರೆ ಸುತ್ತುತ್ತಿದ್ದರೆ ಸರಿ, ನಿಂತರೆ ಕೈ ಸಡಿಲ ಬಿಡಿ ಅಂತ ಲೆಕ್ಕ. ನಾನೂ ಎಳೆದಿದ್ದೆ, ಸ್ಕೇಲು ಇಟ್ಟು, ದಪ್ಪಗೆ. ಆಮೇಲೆ ಅದನ್ನು ನೋಡಬೇಕು ಅನ್ನೋದೊಂದು ಮರೆತೆ.

ಮೊದಲು ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನದು. ಪಕ್ಕದ ಮನೆಯವರು ಏನೋ ಸುಡುತ್ತಿದ್ದಾರೆ ಅಂದುಕೊಂಡು, ಮನಸ್ಸಿನಲ್ಲೇ ಅವರಿಗೆ ನಾಲ್ಕು ಮಾತು ಬೈದು, ಇನ್ನಷ್ಟು ಒತ್ತಿದೆ. ಆಮೇಲೆ ಕೈಗೆ ಏನೋ ಲಟಪಟ ಅಂದ ಹಾಗಾಯ್ತು. ನೋಡೋಣ ಅಂತ ಮೆಷಿನ್ ಮೇಲೆತ್ತಿದೆ. ಆಫ್ ಮಾಡಿ ಎತ್ತಬೇಕಿತ್ತು. ಅಲ್ಲಿವರೆಗೆ ಒತ್ತಡದಲ್ಲಿ ಸುಮ್ನಿದ್ದ ಪ್ಯಾಡ್, ಬಿಡುಗಡೆ ಸಿಕ್ಕಿದ್ದೇ ತಡ, ಪೂರ್ತಿ ವೇಗದಲ್ಲಿ ಗಿರ್ರನೆ ತಿರುಗಿ ಹಾರಿತು. ವೈಪರಿಗೆ ಬಡಿಯಿತು, ನೆಲಕ್ಕೆ ಬಿತ್ತು, ಬಿದ್ದಿದ್ದು ಮಲಗಬಾರದೇ? ಅಂಚಿನ ಮೇಲೆ ನಿಂತು, ಚಕ್ರದ ಹಾಗೆ ಉರುಳಿಕೊಂಡು, ಗೇಟಿನ ಸಂದಿಯಿಂದ ರಸ್ತೆಗೆ ಹೋಯಿತು. ನನ್ನ ಮುಖದ ತುಂಬ ಬಿಳಿ ಪಾಲಿಶ್ ಪೇಸ್ಟಿನ ಚುಕ್ಕೆ. ಕೈಯಲ್ಲಿ ಮೆಷಿನ್ ಇನ್ನೂ ಓಡುತ್ತಲೇ ಇತ್ತು. ಪ್ಲೇಟಿನ ವೆಲ್ಕ್ರೋ ಪದರ ಅರ್ಧ ಕಿತ್ತು, ಬಿಸಿಲಿನಲ್ಲಿ ಓಡಿಬಂದ ನಾಯಿಯ ನಾಲಿಗೆ ಹಾಗೆ ಜೋತಾಡುತ್ತಿತ್ತು.

ನಾಯಿ ಅಂದಮೇಲೆ ನೆನಪಾಯ್ತು. ಈ ವೆಲ್ಕ್ರೋ ಹುಟ್ಟಿದ್ದೇ ನಾಯಿಯಿಂದ ಅಂತಾರೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿ ಕರೆದುಕೊಂಡು ತಿರುಗಾಡೋಕೆ ಹೋಗಿದ್ದರಂತೆ. ನಮ್ಮ ಉತ್ತರಾಣಿ ಕಡ್ಡಿ ಬಟ್ಟೆಗೆ ಹತ್ತುತ್ತಲ್ಲ, ಹಾಗೆ ಯಾವುದೋ ಮುಳ್ಳುಕಾಯಿ ನಾಯಿಯ ರೋಮಕ್ಕೆ ಹತ್ತಿಕೊಂಡಿತ್ತು. ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುದಿಯಲ್ಲೆಲ್ಲ ಕೊಕ್ಕೆ. ಅವರು ನಾಯಿಯ ಮೈಗೆ ಅಂಟಿದ್ದನ್ನು ಬಿಡಿಸೋಕೆ ಒದ್ದಾಡಿದರು. ನಾನು ಬಿಟ್ಟುಹೋಗಿದ್ದನ್ನು ಅಂಟಿಸೋಕೆ ಒದ್ದಾಡುತ್ತಿದ್ದೇನೆ.

ಮೆಷಿನ್ನಿಗೆ 2 ವರ್ಷ ವಾರಂಟಿ ಇತ್ತು. ಧೈರ್ಯವಾಗಿ ಕಂಪನಿಗೆ ಫೋನ್ ಮಾಡಿದೆ. ತುಂಬಾ ಮೃದು ದನಿಯ ಹುಡುಗ. ಎಲ್ಲಾ ಕೇಳಿಸಿಕೊಂಡು, "ಅಯ್ಯೋ, ಹೀಗಾಗಬಾರದಿತ್ತು ಸರ್. ಒಂದು ಫೋಟೋ ಕಳಿಸಿ ಸರ್" ಅಂದ.

ಕಳಿಸಿದೆ. ಮಾರನೇ ದಿನ, "ಹಿಂಭಾಗದ ಫೋಟೋ ಕಳಿಸಿ ಸರ್." ಕಳಿಸಿದೆ. "ಸೀರಿಯಲ್ ನಂಬರಿನ ಫೋಟೋ ಕಳಿಸಿ ಸರ್." ಸೀರಿಯಲ್ ನಂಬರು ಮೆಷಿನ್ನಿನ ಹೊಟ್ಟೆಯ ಮೇಲಿದ್ದ ಸ್ಟಿಕ್ಕರಿನಲ್ಲಿತ್ತು. ಕೈ ಹಿಡಿಯೋ ಜಾಗ ಅದು, ಒಂದೇ ವರ್ಷಕ್ಕೆ ಅಳಿಸಿಹೋಗಿದೆ. ಹಾಗಂತ ಹೇಳಿದೆ. "ಅಳಿಸಿಹೋಗಿರೋದರ ಫೋಟೋ ಕಳಿಸಿ ಸರ್." ಖಾಲಿ ಬಿಳಿ ಸ್ಟಿಕ್ಕರಿನ ಫೋಟೋ ಕಳಿಸಿದೆ. "ಫೋಟೋ ಸ್ಪಷ್ಟವಾಗಿಲ್ಲ ಸರ್, ಏನೂ ಕಾಣಿಸ್ತಿಲ್ಲ" ಅಂತ ಉತ್ತರ ಬಂತು. ಅದನ್ನೇ ಅಲ್ವಾ ನಾನೂ ಹೇಳಿದ್ದು!

ಆರನೇ ದಿನ ವಿಡಿಯೋ ಕೇಳಿದ. ಪ್ಲೇಟ್ ಹಾಳಾಗುವಾಗಿನ ವಿಡಿಯೋ. ಹಾಳಾಗಿ ಆಯ್ತಪ್ಪ, ಇನ್ನೆಲ್ಲಿಂದ ತರಲಿ ಅಂದೆ. "ಹಾಗಾದ್ರೆ ಇನ್ನೊಂದ್ಸಲ ಆನ್ ಮಾಡಿ ತೋರಿಸಿ ಸರ್" ಅಂದ. ಮುಂದಿನ ವಾಕ್ಯದಲ್ಲೇ, "ಹಾಳಾದ ಪ್ಲೇಟಿನಲ್ಲಿ ಮೆಷಿನ್ ಆನ್ ಮಾಡಬಾರದು ಸರ್, ವಾರಂಟಿ ಹೋಗುತ್ತೆ." ಎರಡನ್ನೂ ಅದೇ ಮೃದು ದನಿಯಲ್ಲಿ ಹೇಳಿದ. ಕೊನೆಗೆ ಎಂದಿನಂತೆ, "ನಿಮ್ಮ ದಿನ ಶುಭವಾಗಿರಲಿ ಸರ್." ಬೈಯೋಣ ಅಂತ ಬಾಯಿ ತೆರೆದಾಗಲೆಲ್ಲ ಇದೊಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದ.

ಒಂಬತ್ತನೇ ದಿನ ತೀರ್ಪು ಬಂತು. ಬ್ಯಾಕಿಂಗ್ ಪ್ಲೇಟ್ ಸವೆಯುವ ಭಾಗವಂತೆ, ವಾರಂಟಿಗೆ ಬರಲ್ಲವಂತೆ. ಪ್ಯಾಡೂ ಅಷ್ಟೇ, ಮೋಟಾರಿನೊಳಗಿನ ಕಾರ್ಬನ್ ಬ್ರಷ್ಷೂ ಅಷ್ಟೇ. ಸರಿ, ಸವೆಯೋದಕ್ಕೆ ವಾರಂಟಿ ಬೇಡ, ಒಪ್ಪಿದೆ. ಆದರೆ ಇದು ಸವೆದಿಲ್ಲವಲ್ಲ, ಕಿತ್ತು ಬಂದಿದೆ. ಹಾಗಂದಾಗ ಆತ ಸ್ವಲ್ಪ ತಡೆದು, ಪಿಸುದನಿಯಲ್ಲಿ ಕೇಳಿದ. "ಸರ್, ಜಾಸ್ತಿ ಏನಾದ್ರೂ ಒತ್ತಿದ್ರಾ?"

ನಾನು ಕೆಮ್ಮಿದೆ. ನೆಟ್‌ವರ್ಕ್ ಸರಿಯಿಲ್ಲ ಅಂದೆ.

ಒತ್ತದೇ ಇರೋದು ಹೇಗೆ ಹೇಳಿ? ನಾನು ಕಲಿತಿದ್ದೇ ಒತ್ತಿ ಉಜ್ಜೋದನ್ನು. ಅಪ್ಪನ ಹಳೇ ಕಾರಿಗೆ ನಾವಿಬ್ಬರೂ ಕೈಯಲ್ಲೇ ಪಾಲಿಶ್ ಹಾಕುತ್ತಿದ್ದೆವು. ಆಚೆ ಬಾಗಿಲು ಅವರದು, ಈಚೆ ಬಾಗಿಲು ನನ್ನದು. "ಒತ್ತೋ, ಕೈಯಲ್ಲಿ ಶಕ್ತಿ ಇಲ್ವಾ?" ಅಂತ ಕಾರಿನ ಆ ಬದಿಯಿಂದ ದನಿ ಮಾತ್ರ ಬರುತ್ತಿತ್ತು. ಹಳೇ ಅಂಗಿ ಹರಿದ ಬಟ್ಟೆ, ಅದು ತೂತಾದರೆ ಮಡಚಿ ಇನ್ನೊಂದು ಮಗ್ಗುಲು. ಸಂಜೆಗೆ ಭುಜ ಎತ್ತೋಕಾಗುತ್ತಿರಲಿಲ್ಲ. ಹೊಳಪೂ ಅಂಥಾದ್ದೇನಿರಲಿಲ್ಲ, ನಿಜ ಹೇಳಬೇಕು ಅಂದ್ರೆ. ಅಪ್ಪ ಮಾತ್ರ ದೂರ ನಿಂತು, ಸೊಂಟದ ಮೇಲೆ ಕೈಯಿಟ್ಟು, ಸುಮಾರು ಹೊತ್ತು ನೋಡುತ್ತಿದ್ದರು. ಈಗಲೂ ಮೆಷಿನ್ ಹಿಡಿದರೆ ಕಾರಿನ ಆಚೆ ಬದಿಗೆ ಒಮ್ಮೆ ಕಣ್ಣು ಹೋಗುತ್ತೆ.

ಇರಲಿ. ಹದಿಮೂರನೇ ದಿನ ಹುಡುಗನೇ ಫೋನ್ ಮಾಡಿದ. ಈ ಸಲಕ್ಕೆ ಮಾತ್ರ ಕಂಪನಿ ಪ್ರೀತಿಯಿಂದ ಹೊಸ ಪ್ಲೇಟ್ ಕಳಿಸುತ್ತಂತೆ. ಒಂದೇ ಷರತ್ತು. ಹಳೇ ಪ್ಲೇಟನ್ನು ಯಾರೂ ಮತ್ತೆ ಬಳಸದ ಹಾಗೆ ಎರಡು ತುಂಡು ಮಾಡಬೇಕು. ಮಾಡಿ? ಹೌದು, ಫೋಟೋ ಕಳಿಸಬೇಕು.

ಹ್ಯಾಕ್ಸಾ ಬ್ಲೇಡ್ ತಂದು ಕೂತೆ. ನನ್ನ ಅಂಗೈಯ ಭಾರ ತಾಳಲಾರದೆ ಸತ್ತ ಅದೇ ಪ್ಲೇಟು, ಸ್ವಾಮಿ, ಹ್ಯಾಕ್ಸಾಗೆ ಜಪ್ಪಯ್ಯ ಅನ್ನಲಿಲ್ಲ. ಮೇಲಿನ ಮೆತ್ತನೆ ಫೋಮು ಬೇಗ ಹೋಯ್ತು. ಒಳಗಿನ ಗಟ್ಟಿ ಚಕ್ಕೆ ಇದೆಯಲ್ಲ, ಅದಕ್ಕೆ ಹಲ್ಲೇ ಕೂರದು. ಒಂದು ಬ್ಲೇಡ್ ಮುರಿಯಿತು. ಹೆಬ್ಬೆರಳ ಚರ್ಮ ಸುಲಿಯಿತು. ಕಾಲಲ್ಲಿ ಮೆಟ್ಟಿ ಹಿಡಿದು, ಹಲ್ಲು ಕಚ್ಚಿ, ಮುಕ್ಕಾಲು ಗಂಟೆ ಕೊಯ್ದೆ. ಇಷ್ಟು ಗಟ್ಟಿಯಾಗಿ ಮಾಡೋಕೆ ಬರುವವರಿಗೆ ಅದಕ್ಕೊಂದು ವೆಲ್ಕ್ರೋ ನೆಟ್ಟಗೆ ಅಂಟಿಸೋಕೆ ಬರಲ್ವಾ? ಎರಡು ತುಂಡನ್ನೂ ಜೋಡಿಸಿಟ್ಟು ಫೋಟೋ ತೆಗೆದು ಕಳಿಸಿ, ತುಂಡುಗಳನ್ನು ಶೆಡ್ಡಿನ ಕಸದ ಡಬ್ಬಕ್ಕೆ ಎಸೆದು, ಬೆರಳಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದೆ.

ಇವತ್ತು ಬೆಳಿಗ್ಗೆ ಹೊಸ ಪ್ಲೇಟ್ ಬಂತು. ಬೋಲ್ಟ್ ಹಾಕಿ ಬಿಗಿಮಾಡಿ ಕೈಯಲ್ಲಿ ತಿರುಗಿಸಿದರೆ ಕರ್ರ್ ಅಂತು. ಹಿಂಭಾಗ ಮೆಷಿನ್ನಿನ ರಬ್ಬರ್ ಅಂಚಿಗೆ ಉಜ್ಜುತ್ತಿದೆ. ನಡುವೆ ಒಂದು ತೆಳು ವಾಷರ್ ಇರಬೇಕು, ಡಬ್ಬಿಯಲ್ಲಿ ಇಲ್ಲ. ಫೋನ್ ಮಾಡಿದೆ.

"ಹಳೇ ಪ್ಲೇಟಿನ ವಾಷರ್ರೇ ಹಾಕ್ಕೊಳ್ಳಿ ಸರ್. ಅದು ಸವೆಯಲ್ಲ" ಅಂದ.

ಈಗ ಶೆಡ್ಡಿನಲ್ಲಿದ್ದೇನೆ. ಆ ವಾಷರ್ ಗ್ರೀಸಿಗೆ ಅಂಟಿಕೊಂಡು ಹಳೇ ಪ್ಲೇಟಿನ ಬೆನ್ನಿಗೇ ಇತ್ತು ಅಂತ ಕಾಣುತ್ತೆ. ಕೊಯ್ಯುವಾಗ ಎಲ್ಲಿ ಸಿಡಿಯಿತೋ. ಮೊಣಕೈವರೆಗೂ ಕಸದ ಡಬ್ಬದೊಳಗೆ ಕೈ ಹಾಕಿದ್ದೇನೆ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೇನೆ. ಹೆಂಡತಿ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದಳು. ಆಮೇಲೆ ಮೊಬೈಲ್ ತೆಗೆದಳು.

"ರೀ, ಸ್ವಲ್ಪ ಈ ಕಡೆ ತಿರುಗಿ. ಹೇಗೂ ಕೇಳ್ತಾರೆ."