ಎಲ್ಲರಿಗೂ ಕಡ್ಡಾಯ ಗುರುತಿನ ಚೀಟಿ: ಬೇಕಾ, ಬೇಡವಾ?

ಪರ: ಕಾಗದ ಇಲ್ಲದವರನ್ನು ಕೇಳಿ ನೋಡಿ

ಗುರುತಿನ ಚೀಟಿ ಬೇಡ ಅಂತ ವಾದ ಮಾಡುವವರ ಹತ್ತಿರ ಸಾಮಾನ್ಯವಾಗಿ ಪಾಸ್‌ಪೋರ್ಟ್ ಇರುತ್ತದೆ. ಲೈಸೆನ್ಸ್, ಬ್ಯಾಂಕ್ ಖಾತೆ ಎಲ್ಲಾ ಇರುತ್ತದೆ. 'ನೀನು ಯಾರು' ಅಂತ ಕೇಳಿದರೆ ಅವರಿಗೆ ಗಾಬರಿಯಿಲ್ಲ. ಆದರೆ ವಿಶ್ವಬ್ಯಾಂಕ್ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 80 ಕೋಟಿ ಜನರಿಗೆ ಯಾವ ಅಧಿಕೃತ ಗುರುತೂ ಇಲ್ಲ. ಖಾತೆ ತೆರೆಯಲು, ಮಗುವನ್ನು ಶಾಲೆಗೆ ಸೇರಿಸಲು, ತನ್ನ ಪಾಲಿನ ನೆರವು ಕೇಳಲು ಇವರು ಯಾರ್‍ಯಾರದೋ ಕೈಕಾಲು ಹಿಡಿಯಬೇಕು. 2030ರೊಳಗೆ ಎಲ್ಲರಿಗೂ ಕಾನೂನುಬದ್ಧ ಗುರುತು ಸಿಗಬೇಕು ಅಂತ ವಿಶ್ವಸಂಸ್ಥೆ ಗುರಿ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ.

ಇನ್ನು ಕಣ್ಗಾವಲಿನ ಮಾತು. ಚೀಟಿ ಇಲ್ಲದಿದ್ದರೆ ಸರ್ಕಾರ ನಮ್ಮನ್ನು ನೋಡುವುದಿಲ್ಲ ಅಂದುಕೊಂಡರೆ ಅದು ಭ್ರಮೆ. ಬ್ರಿಟನ್ 2010ರಲ್ಲಿ ಚೀಟಿಯ ಕಾನೂನನ್ನೇ ರದ್ದು ಮಾಡಿತು. ಮೂರೇ ವರ್ಷಕ್ಕೆ, ಅಮೆರಿಕದ ಗೂಢಚಾರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಗುಟ್ಟಿನ ದಾಖಲೆಗಳು ಹೊರಬಿದ್ದವು, ಅದೇ ಬ್ರಿಟನ್‌ನ ಗೂಢಚಾರ ಸಂಸ್ಥೆ ಸಮುದ್ರದಡಿಯ ಕೇಬಲ್‌ಗಳಿಂದ ರಾಶಿ ರಾಶಿ ಇಂಟರ್ನೆಟ್ ಮಾಹಿತಿ ಎಳೆದುಕೊಳ್ಳುತ್ತಿತ್ತು ಅಂತ ಗೊತ್ತಾಯಿತು. ಅದಕ್ಕೆ ಯಾವ ಚೀಟಿ ಬೇಕಾಗಿತ್ತು ಹೇಳಿ?

ಎಸ್ಟೋನಿಯಾದಲ್ಲಿ 2002ರಿಂದ ಚೀಟಿ ಇದೆ. ಯಾವ ಇಲಾಖೆ ತನ್ನ ಮಾಹಿತಿಯನ್ನು ಯಾವಾಗ ತೆರೆದು ನೋಡಿತು ಅನ್ನುವುದನ್ನು ಅಲ್ಲಿನ ನಾಗರಿಕ ಮನೆಯಲ್ಲೇ ಕೂತು ನೋಡಬಹುದು. ಕಾಗದದ ಕಾಲದಲ್ಲಿ ನಿಮ್ಮ ಫೈಲನ್ನು ಯಾರು ತಿರುವಿ ಹಾಕಿದರು ಅಂತ ನಿಮಗೆ ಗೊತ್ತಾಗುತ್ತಿತ್ತಾ?

ವಿರೋಧ: ಭಯ ಚೀಟಿಯದಲ್ಲ, ಅದರ ಹಿಂದಿನ ಪಟ್ಟಿಯದು

ಜೇಬಿನಲ್ಲಿರುವ ಪ್ಲಾಸ್ಟಿಕ್ ತುಂಡು ಯಾರಿಗೂ ಏನೂ ಮಾಡುವುದಿಲ್ಲ. ಎಲ್ಲರ ಹೆಸರು, ವಿಳಾಸ, ಬೆರಳಚ್ಚು ಒಂದೇ ಕಡೆ ಕೂತಿರುತ್ತದಲ್ಲ, ಅದರ ಬಗ್ಗೆ ನನ್ನ ತಕರಾರು.

ಬ್ರಿಟನ್ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1939ರಲ್ಲಿ ಯುದ್ಧ ಶುರುವಾದಾಗ ಅಲ್ಲಿ ಚೀಟಿ ಬಂತು. ಕಾರಣ ಮೂರೇ: ಸೈನ್ಯಕ್ಕೆ ಜನ, ದೇಶದ ರಕ್ಷಣೆ, ರೇಷನ್. ಯುದ್ಧ ಮುಗಿಯಿತು, ಚೀಟಿ ಹೋಗಲಿಲ್ಲ. 1950ರ ಹೊತ್ತಿಗೆ ಅದನ್ನು 39 ಸರ್ಕಾರಿ ವಿಭಾಗಗಳು ಬಳಸುತ್ತಿದ್ದವು. ಆ ವರ್ಷ ಡಿಸೆಂಬರ್‌ನಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಅನ್ನುವವರ ಕಾರನ್ನು ಪೊಲೀಸ್ ತಡೆದು ಚೀಟಿ ಕೇಳಿದ. ತೋರಿಸಲ್ಲ ಅಂದರು. ಕೇಸು ಮೇಲಿನ ಕೋರ್ಟಿಗೆ ಹೋಯಿತು, ವಿಲ್ಕಾಕ್ ಸೋತರು. ಆದರೆ ಮುಖ್ಯ ನ್ಯಾಯಾಧೀಶ ಲಾರ್ಡ್ ಗೊಡಾರ್ಡ್, ಯುದ್ಧಕ್ಕಂತ ಮಾಡಿದ ಕಾನೂನನ್ನು ಹೀಗೆ ಕಂಡಕಂಡಲ್ಲಿ ಬಳಸಿದರೆ ನೆಟ್ಟಗಿರುವ ಜನರೂ ಕಾನೂನು ಮುರಿಯುವವರಾಗುತ್ತಾರೆ ಎಂಬರ್ಥದಲ್ಲಿ ಗದರಿದರು. 1952ರ ಫೆಬ್ರವರಿಯಲ್ಲಿ ಚೀಟಿ ಹೋಯಿತು.

ಇದು ನಗುತ್ತಾ ಹೇಳಬಹುದಾದ ಕಥೆ. ನೆದರ್‌ಲ್ಯಾಂಡ್ಸ್‌ನದು ಹಾಗಲ್ಲ. ನಾಜಿಗಳು ಬರುವ ಮೊದಲೇ ಅಲ್ಲಿನ ಜನರ ನೋಂದಣಿಯಲ್ಲಿ ಧರ್ಮವನ್ನೂ ಬರೆದಿಡುತ್ತಿದ್ದರು. ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ, ಬರೀ ಅಚ್ಚುಕಟ್ಟು. ಆಮೇಲೆ ಯಾಕೋಬ್ ಲೆಂಟ್ಸ್ ಎಂಬ ಅಧಿಕಾರಿ ನಕಲು ಮಾಡಲು ತೀರಾ ಕಷ್ಟವಾದ ಚೀಟಿ ತಯಾರಿಸಿಕೊಟ್ಟ. ಅಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೊಲೆಯಾದರು. 1943ರ ಮಾರ್ಚ್ 27ರಂದು ಪೊಲೀಸ್ ವೇಷದಲ್ಲಿ ಕೆಲವರು ಆಮ್‌ಸ್ಟರ್‌ಡ್ಯಾಮ್ ನೋಂದಣಿ ಕಚೇರಿಗೆ ನುಗ್ಗಿ, ಪ್ರಾಣದ ಹಂಗು ಬಿಟ್ಟು ಬಾಂಬ್ ಇಟ್ಟರು. ಸುಟ್ಟದ್ದು ಶೇ 15ರಷ್ಟು ಕಾರ್ಡ್ ಮಾತ್ರ. ಕಾಗದವನ್ನೇ ಸುಡುವುದು ಇಷ್ಟು ಕಷ್ಟ.

ಪಟ್ಟಿ ಮಾಡುವ ಸರ್ಕಾರ ಒಂದು, ಅದು ಸಿಗುವ ಸರ್ಕಾರ ಇನ್ನೊಂದು ಆಗಿರಬಹುದು. ಎಸ್ಟೋನಿಯಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಲ್ಲೂ 2017ರಲ್ಲಿ ಚಿಪ್‌ನ ದೋಷದಿಂದ ಸುಮಾರು 7.5 ಲಕ್ಷ ಕಾರ್ಡ್‌ಗಳು ಅಪಾಯಕ್ಕೆ ಸಿಕ್ಕಿದವು.

ಬಡವರಿಗೆ ದಾಖಲೆ ಬೇಡ ಅಂತ ಯಾರಂದರು? ಧಾರಾಳವಾಗಿ ಕೊಡಿ. ಜರ್ಮನಿಯಲ್ಲಿ ಗುರುತಿನ ಚೀಟಿಗೆ 2021ರಿಂದ ಬೆರಳಚ್ಚು ಕಡ್ಡಾಯ, ಆದರೆ ಅದು ಉಳಿಯುವುದು ಆ ಕಾರ್ಡಿನ ಚಿಪ್‌ನಲ್ಲಿ ಮಾತ್ರ. ಎಲ್ಲರ ಬೆರಳಚ್ಚು ಕೂಡಿಟ್ಟ ದೊಡ್ಡ ಕಣಜ ಅಲ್ಲಿಲ್ಲ. ಹಾಗೂ ಮಾಡಬಹುದು ಅಂದಾಯಿತು, ಅಲ್ವಾ?

ಬ್ರಿಟನ್ 2006ರ ಕಾನೂನಿನಡಿ ಮತ್ತೆ ಚೀಟಿ ತಂದು, ಸುಮಾರು 15 ಸಾವಿರ ಜನರಿಗೆ ತಲಾ 30 ಪೌಂಡ್‌ಗೆ ಕೊಟ್ಟು, 2011ರ ಫೆಬ್ರವರಿಯಲ್ಲಿ ಹಾರ್ಡ್ ಡಿಸ್ಕ್‌ಗಳನ್ನು ಪುಡಿ ಮಾಡಿತು. ದುಡ್ಡು ವಾಪಸ್ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಗುರುತು ಅಂತ ಅದೇ ಮಾತು ಮತ್ತೆ ಎದ್ದಿತು, ಈ ಸಲ ಕೆಲಸಕ್ಕೆ ಸೇರುವವರನ್ನು ಪರಿಶೀಲಿಸಲು. ಬೇಡ ಅನ್ನುವ ಅರ್ಜಿಗೆ 20 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.