ನಮ್ಮ ಕರಡಿ ಸರ್

ನಮ್ಮ ಗಣಿತದ ಸರ್‌ಗೆ ಕಾಡುಪ್ರಾಣಿಗಳೆಂದರೆ ಪ್ರಾಣ. ಪ್ರಾಣಿಗಳಿಗೆ ಮಾತ್ರ ಸರ್ ಮೇಲೆ ಅಂಥಾ ಪ್ರೀತಿಯೇನೂ ಇದ್ದಂತೆ ಕಾಣಲಿಲ್ಲ. ಅವರು ಹುಡುಕಿಕೊಂಡು ಹೋದ ಯಾವ ಪ್ರಾಣಿಯೂ ಅವರಿಗೆ ನೆಟ್ಟಗೆ ಮುಖ ಕೊಡಲಿಲ್ಲ. ಕೊಟ್ಟರೂ ಸರ್ ಮುಖ ತೋರಿಸುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಇದಕ್ಕೆ ಅರ್ಧ ಕಾರಣ ನಾವು, ಅಂದರೆ ಅವರ ಶಿಷ್ಯರು. ಇನ್ನರ್ಧ ಅವರ ನಸೀಬು.

ಯಲಬುರ್ಗಾ ಕಡೆಯ ಎರೆಭೂಮಿ ಊರು ನಮ್ಮದು. ಕಣ್ಣು ಹರಿದಷ್ಟು ದೂರ ಜೋಳ, ಕಡಲೆ, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಇಂಥ ಊರಿಗೆ ವರ್ಗವಾಗಿ ಬಂದ ಸರ್ ಮೊದಲ ವಾರವೇ ಹೇಳಿದರು: "ಕಾಡು ಅಂದ್ರ ದೊಡ್ಡ ದೊಡ್ಡ ಗಿಡ ಇರಬೇಕಂತ ಏನಿಲ್ರೋ. ಈ ಬಯಲೂ ಕಾಡನ. ಚಿಗರಿ, ತೋಳ, ನರಿ ಎಲ್ಲಾ ಇಲ್ಲೇ ಬದುಕ್ತಾವು." ನಾವೆಲ್ಲ ಕಿಟಕಿಯಿಂದ ಹೊರಗೆ ನೋಡಿದೆವು. ಎಮ್ಮೆ ಕಂಡಿತು.

ಅವರ ಲೆಕ್ಕಗಳೂ ಹಾಗೇ. "ಒಂದು ಕರಡಿ ಒಂದು ಹುತ್ತ ಒಡೀಲಿಕ್ಕೆ 20 ನಿಮಿಷ ಬೇಕು. ಎರಡು ಕರಡಿಗೆ ಎಷ್ಟು ನಿಮಿಷ?" ನಾವು ಒಂದೇ ದನಿಯಲ್ಲಿ "ಹತ್ತು ಸರ್" ಎಂದೆವು. ಸರ್ ತಲೆ ಅಲ್ಲಾಡಿಸಿದರು. "ಪುಸ್ತಕದ ಪ್ರಕಾರ ಹತ್ತು. ಖರೇ ಅಂದ್ರ ಎರಡು ಕರಡಿ ಒಂದ ಹುತ್ತಕ್ಕ ಬಂದ್ರ ಜಗಳ ಆಡ್ತಾವು, ಹುತ್ತ ಹಂಗ ಉಳೀತೈತಿ." ಎರಡೂ ಉತ್ತರಕ್ಕೆ ಮಾರ್ಕು ಕೊಟ್ಟರು. ನನ್ನ ಬೆಂಚಿನ ಗೆಳೆಯ ಇದನ್ನು ಮನಸ್ಸಿಗೆ ಬಹಳ ಹಚ್ಚಿಕೊಂಡ. ವಾರ್ಷಿಕ ಪರೀಕ್ಷೆಯಲ್ಲಿ ಎಂಟು ಆಳುಗಳು ಗೋಡೆ ಕಟ್ಟುವ ಲೆಕ್ಕ ಬಂದಾಗ, "ಆಳುಗಳು ಜಗಳ ಆಡುತ್ತಾರೆ, ಗೋಡೆ ಆಗುವುದಿಲ್ಲ" ಎಂದು ಬರೆದು ಬಂದ. ಈಗ ಅವನು ಗಂಗಾವತಿಯಲ್ಲಿ ಕಟ್ಟಡದ ಗುತ್ತಿಗೆ ಮಾಡುತ್ತಾನೆ. ನಾನು ಬರೆದದ್ದೇ ಸರಿ ಇತ್ತು ಅಂತಾನೆ.

ಕರಡಿ ಹುತ್ತವನ್ನು ತಿನ್ನುವುದಿಲ್ಲ, ಒಳಗಿನ ಗೆದ್ದಲನ್ನು ಹೀರುತ್ತದೆ. ಅದಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದ ಜೋರಾಗಿ ಎಳೆಯುತ್ತದೆ, ಸದ್ದು ದೂರದವರೆಗೆ ಕೇಳುತ್ತದೆ. ಇಷ್ಟನ್ನು ಬಾಯಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸರ್‌ಗೆ ಮಾಡಿ ತೋರಿಸದಿದ್ದರೆ ಸಮಾಧಾನ ಇರುತ್ತಿರಲಿಲ್ಲ. ಪ್ಯಾಂಟು ಮೇಲೆ ಎಳೆದುಕೊಂಡು ಬೋರ್ಡಿನ ಮುಂದೆ ನಾಲ್ಕು ಕಾಲಲ್ಲಿ ನಿಂತರು. ಸುಣ್ಣದ ಕಡ್ಡಿಯ ಡಬ್ಬಿಯೇ ಹುತ್ತ. ಅದಕ್ಕೆ ಬಾಯಿ ಹಚ್ಚಿ ಉಸಿರು ಒಳಗೆಳೆದರು. ಸುಣ್ಣದ ಪುಡಿ ಗಂಟಲಿಗೆ ಹೋಯಿತು. ಅದೇ ಹೊತ್ತಿಗೆ ಹೆಡ್‌ಮಾಸ್ತರು ಇನ್‌ಸ್ಪೆಕ್ಷನ್ ಸಾಹೇಬರನ್ನು ಕರೆದುಕೊಂಡು ಒಳಗೆ ಬಂದರು. ಮೂತಿಯೆಲ್ಲ ಬಿಳಿ ಮಾಡಿಕೊಂಡು, ನೆಲದ ಮೇಲೆ ಕೆಮ್ಮುತ್ತಿದ್ದ ಗಣಿತದ ಶಿಕ್ಷಕರನ್ನು ಸಾಹೇಬರು ಬಹಳ ಹೊತ್ತು ನೋಡಿದರು. "ಯಾವ ಪಾಠ ನಡದೈತ್ರಿ?" ಎಂದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಭಯಭಕ್ತಿಯಿಂದ "ಕಾಲ ಮತ್ತು ಕೆಲಸ ಸರ್" ಎಂದಳು. ಆವತ್ತಿನಿಂದ ಅವರು ಕರಡಿ ಸರ್.

ಸರ್ ನಮ್ಮನ್ನು ದರೋಜಿಗೂ ಕರೆದೊಯ್ದರು. ಸಂಡೂರು, ಹೊಸಪೇಟೆ ನಡುವಿನ ಬಂಡೆಗುಡ್ಡಗಳನ್ನು ಕರಡಿಧಾಮ ಮಾಡಿದ್ದು 1994ರಲ್ಲಿ. ನಾವು ಹೋದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆಗ ಅದೆಲ್ಲ ಬಳ್ಳಾರಿ ಜಿಲ್ಲೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆಯಿತು. ಯಾವ ಕರಡಿ ಯಾವ ಜಿಲ್ಲೆಗೆ ಸೇರಿತೋ, ಅವುಗಳಿಗೆ ಯಾರೂ ಹೇಳಿದಂತಿಲ್ಲ. ಅಲ್ಲಿ ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗುಡ್ಡದಿಂದ ಬಂದು ನೆಕ್ಕುತ್ತವೆ. ನಾವು ಎದುರಿನ ವೀಕ್ಷಣಾ ಗೋಪುರದಲ್ಲಿ ಕುಳಿತೆವು. ಮಾತಾಡಬಾರದು, ಸೀನಬಾರದು, ಚುರುಮುರಿ ಪೊಟ್ಟಣ ಬಿಚ್ಚಬಾರದು. ಇಡೀ ಕ್ಲಾಸಿಗೆ ಒಂದೇ ದುರ್ಬೀನು. ಅದು ಸರ್‌ದೇ, ಸಂಬಳದಲ್ಲಿ ಉಳಿಸಿ ತಂದದ್ದು.

ಮೊದಲು ಎರಡು ನವಿಲು ಬಂದವು. ಆಮೇಲೆ ಬಂಡೆಯ ಮರೆಯಿಂದ ಒಂದು ಕರಿ ಮುದ್ದೆ ಉರುಳಿದಂತಾಯಿತು. ತಾಯಿ ಕರಡಿ, ಬೆನ್ನ ಮೇಲೆ ಮರಿ! ಸರ್ ಕೈ ನಡುಗುತ್ತಿತ್ತು. ದುರ್ಬೀನು ಕಣ್ಣಿಗೆ ಹಚ್ಚಿಕೊಳ್ಳಲು ಹೋದವರು ಹಾಗೇ ನಿಲ್ಲಿಸಿ, ಪಕ್ಕದಲ್ಲಿದ್ದ ಹುಡುಗಿಗೆ ಕೊಟ್ಟರು. "ಲಗೂನ ನೋಡಿ ಮುಂದ ಕೊಡವ್ವಾ." ಅವಳು ಪಕ್ಕದವಳಿಗೆ ಕೊಟ್ಟಳು. ಹೀಗೆ ಅದು ಎಲ್ಲರ ಕೈಗೂ ಹೋಯಿತು. ನನ್ನ ಬೆಂಚಿನ ಗೆಳೆಯ ತಿರುವುಮುರುವು ಹಿಡಿದು ನೋಡಿ, "ಸರ್, ಕರಡಿ ಇರುವಿ ಆಗೈತಿ" ಎಂದ. ಅವನಿಗೆ ಸರಿಯಾಗಿ ಹಿಡಿಯಲು ಕಲಿಸುವುದರಲ್ಲಿ ಇನ್ನಷ್ಟು ಹೊತ್ತು ಹೋಯಿತು. ದುರ್ಬೀನು ಸುತ್ತಿಕೊಂಡು ಸರ್ ಕೈಗೆ ವಾಪಸು ಬಂದಾಗ ಬೆಲ್ಲ ಖಾಲಿ, ಕರಡಿಯೂ ಇಲ್ಲ. ಸರ್ ಆದರೂ ನೋಡಿದರು. ತುಂಬಾ ಹೊತ್ತು ನೋಡಿದರು. "ಎಷ್ಟು ಸ್ವಚ್ಛ ನೆಕ್ಕೈತಿ ನೋಡ್ರೋ!" ಎಂದರು.

ಇನ್ನು ಬಾತುಗಳ ಕಥೆ. ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದಿ ಬಣ್ಣ, ಬಿಳಿ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಹಗಲೆಲ್ಲ ನೀರಲ್ಲಿ ಕೂತು ರಾತ್ರಿ ಹೊಲಕ್ಕೆ ಇಳಿಯುತ್ತವೆ. ಒಂದು ಬೆಳಗಿನ ಜಾವ ಸರ್ ನಮ್ಮನ್ನು ಎಬ್ಬಿಸಿಕೊಂಡು ಕೆರೆಗೆ ಹೊರಟರು. ಅಡ್ಡದಾರಿ ಕಡಲೆ ಹೊಲದೊಳಗೆ. ಇಬ್ಬನಿ ಬಿದ್ದ ಕಡಲೆ ಹೊಲದಲ್ಲಿ ನಡೆದವರಿಗೆ ಗೊತ್ತು, ಗಿಡದ ಹುಳಿ ಕಾಲಿಗೆಲ್ಲ ಹತ್ತುತ್ತದೆ, ಪ್ಯಾಂಟಿನ ಅಂಚು ತೊಯ್ದು ಹುಳಿ ವಾಸನೆ ಹೊಡೆಯುತ್ತದೆ, ಬೆರಳು ನೆಕ್ಕಿದರೆ ನಾಲಿಗೆ ಚುರ್ ಅನ್ನುತ್ತದೆ. ಅಂದಮೇಲೆ ಬೆರಳು ನೆಕ್ಕದೆ ಇರುವವರು ಯಾರು? ಬೆರಳಿನ ಹಿಂದೆಯೇ ಹಸಿ ಕಡಲೆಯ ಸುಲಗಾಯಿಯೂ ಬಾಯಿಗೆ ಬಂತು.

ಕೆರೆಯ ಏರಿ ಇನ್ನೇನು ಹತ್ತಬೇಕು, ಹೊಲದವನು ಬಡಿಗೆ ಹಿಡಿದು ಅಡ್ಡ ನಿಂತ. "ದಿನಾ ರಾತ್ರಿ ನನ್ನ ಕಡ್ಲಿ ಮೇಯೋರು ನೀವೇನ್ರಿ?"

ಸರ್ ಸಮಾಧಾನದಿಂದ, "ನಾವಲ್ಲಪಾ. ಮಂಗೋಲಿಯಾದಿಂದ ಬಂದಾವು" ಎಂದರು.

"ಅದು ಯಾವ ತಾಲೂಕಿನಾಗ ಬರ್ತೈತ್ರಿ?"

"ಹಿಮಾಲಯದ ಆಚೆ."

"ಯಾವ ಊರಾರ ಇರಲ್ರಿ, ತಿಂದಮ್ಯಾಲ ರೊಕ್ಕ ಕೊಡಬೇಕಲ್ಲ?"

ಸರ್ ಸೋಲುವವರಲ್ಲ. ಬಗ್ಗಿ ಬದುವಿನ ಮೇಲಿದ್ದ ಬಾತಿನ ಹಿಕ್ಕೆಯನ್ನು ಕಡ್ಡಿಯಿಂದ ಎತ್ತಿ ತೋರಿಸಿದರು. ಹಸಿರು ಬಣ್ಣ, ಸೊಪ್ಪಿನ ನಾರು ನಾರು. ಇದು ಸಾಕ್ಷಿ, ನನ್ನ ಹುಡುಗರು ಬಂಗಾರದಂಥವರು ಎಂದು ಹೇಳುತ್ತಿರುವಾಗ ರೈತ ನನ್ನ ಗೆಳೆಯನ ಚಡ್ಡಿ ಜೇಬನ್ನೇ ನೋಡುತ್ತಿದ್ದ. ಜೇಬಿನಿಂದ ಸುಲಗಾಯಿ ಗಿಡ ಬೇರು ಸಮೇತ ಹೊರಗೆ ಇಣುಕುತ್ತಿತ್ತು. ಸರ್ ಮಾತು ಅಲ್ಲಿಗೇ ನಿಂತಿತು. ಅಂಗಿ ಜೇಬಿಗೆ ಕೈ ಹಾಕಿದರು. ಆದರೆ ರೈತ ರೊಕ್ಕ ಮುಟ್ಟಲಿಲ್ಲ. "ಸಾಲಿ ಮಾಸ್ತರಂತ ಮೊದಲ ಹೇಳಬಾರದೇನ್ರಿ?" ಎಂದು ತಾನೇ ಒಂದು ತೆಕ್ಕೆ ಗಿಡ ಕಿತ್ತು, ಒಣ ಕಡ್ಡಿ ಗುಡ್ಡೆ ಹಾಕಿ ಸುಟ್ಟು ಕೊಟ್ಟ. ನಮ್ಮ ತುಟಿಯೆಲ್ಲ ಕಪ್ಪಾಯಿತು. ಹೊಗೆ ನೆಟ್ಟಗೆ ಕೆರೆಯ ಕಡೆ ಹೋಯಿತು. ಬಾತುಗಳೆಲ್ಲ ಒಟ್ಟಿಗೆ ಎದ್ದು ಗಲಾಟೆ ಮಾಡುತ್ತಾ ಹಾರಿದವು. ಬಾಯಲ್ಲಿ ಬಿಸಿ ಕಡಲೆ ಇಟ್ಟುಕೊಂಡಿದ್ದ ಸರ್ ದುರ್ಬೀನು ಎತ್ತುವಷ್ಟರಲ್ಲಿ ಅವು ಬರೀ ಚುಕ್ಕೆ.

ಆನೆಗೊಂದಿಯಲ್ಲಿ ನೀರುನಾಯಿ ನೋಡಲು ಹೋದಾಗಲೂ ಇಷ್ಟೇ. ತುಂಗಭದ್ರಾ ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರು ಈಗ ನೀರುನಾಯಿಗಳ ಸಂರಕ್ಷಿತ ಜಾಗ. 2015ರಲ್ಲಿ ಘೋಷಣೆ ಆಗಿದೆ. ನಾವು ಹೋದಾಗ ಅದ್ಯಾವುದೂ ಇರಲಿಲ್ಲ. ಬಲೆ ಹರಿದು ಮೀನು ತಿನ್ನುತ್ತವೆ ಎಂದು ಬೈಯುವ ಮೀನುಗಾರರು ಇದ್ದರು ಅಷ್ಟೇ. ಹರಗೋಲಿನಲ್ಲಿ ಎದ್ದು ನಿಲ್ಲಬಾರದು ಎಂದು ನಮಗೆ ಹತ್ತಾರು ಸಲ ಹೇಳಿದ ಸರ್, ದೂರದಲ್ಲಿ ಒಂದು ಬಾಲ ಕಂಡ ಕೂಡಲೇ ತಾವೇ ಎದ್ದು ನಿಂತರು. ದಂಡೆ ಹತ್ತಿರವೇ ಇದ್ದೆವು, ಪುಣ್ಯಕ್ಕೆ ನೀರು ಮೊಣಕಾಲುದ್ದ. ಕನ್ನಡಕ ಹುಡುಕುತ್ತಾ ಸರ್ ಹೊಳೆಯಲ್ಲಿ ಕೂತಿದ್ದಾಗ, ಬಂಡೆಯ ಸಂದಿಯಿಂದ ನಾಲ್ಕು ನೀರುನಾಯಿಗಳು ಕತ್ತು ಎತ್ತಿ ಅವರನ್ನೇ ನೋಡಿದವು. ನಾವೆಲ್ಲ ಕಣ್ತುಂಬಾ ನೋಡಿದೆವು. ಕನ್ನಡಕ ಸಿಗುವಷ್ಟರಲ್ಲಿ ಮುಳುಗಿದವು. ಅಂಬಿಗ ಅಂದ, "ನೀವು ಅದನ್ನ ನೋಡಾಕ ಬಂದ್ರಿ ಸರ. ಅದು ನಿಮ್ಮನ್ನ ನೋಡಿ ಹೋತು."

ಸರ್ ಈಗ ನಿವೃತ್ತರು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ನಾವು ಹಾಕುವ ಹಕ್ಕಿ ಫೋಟೋಗಳಿಗೆ ಇನ್ನೂ ಮಾರ್ಕು ಕೊಡುತ್ತಾರೆ. ಗರುಡಕ್ಕೆ ಹದ್ದು ಎಂದು ಬರೆದ ಒಬ್ಬ ತಹಶೀಲ್ದಾರನಿಗೆ ಸೊನ್ನೆ ಬಿತ್ತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಆಗಿದೆಯಲ್ಲ, ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಸರ್‌ಗೆ ನಿದ್ದೆ ಇಲ್ಲ. ಮೊನ್ನೆ ಬೆಳಗ್ಗೆ ಐದಕ್ಕೇ ಮೆಸೇಜು: "ಆ ಕಡೆ ಹೋಗೂಣು ಬರ್ರಿ. ಅಪ್ಪಣೆ ನಾ ಕೇಳ್ತೀನಿ. ಬಿಳಿ ಅಂಗಿ ಬ್ಯಾಡ. ಸೆಂಟು ಹಚ್ಚಿಕೋಬ್ಯಾಡ್ರಿ. ಮಾತು ಬಂದ್. ಎಲ್ಲಾರೂ ಒಂದೊಂದು ದುರ್ಬೀನು ತರಬೇಕು, ನನ್ನದು ಯಾರಿಗೂ ಕೊಡಂಗಿಲ್ಲ."

ಎಲ್ಲರೂ ಹೆಬ್ಬೆರಳು ಒತ್ತಿದೆವು. ಗುತ್ತಿಗೆದಾರ ಗೆಳೆಯ ಮಾತ್ರ ಕೇಳಿದ: "ಸರ್, ಅಲ್ಲೆ ಮಂಡಕ್ಕಿ ಮಿರ್ಚಿ ಸಿಗ್ತಾವೇನ್ರಿ?"

ಎರಡು ನೀಲಿ ಗೀಟು ಬಂದಿವೆ. ಉತ್ತರ ಇನ್ನೂ ಬಂದಿಲ್ಲ.