ಗುಡ್ಡ ಜಾರುವ ಮೊದಲೇ ಕಣ್ಣಿಗೆ ಕಾಣಿಸಬೇಕೆ?

ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವೇ ಎದ್ದು ನಿಲ್ಲುತ್ತದೆ. ನೆರೆ, ಗುಡ್ಡ ಕುಸಿತಕ್ಕೆ ಊರಿನವರನ್ನು ತಯಾರು ಮಾಡಲು ಇದನ್ನು ಗ್ರಾಮಸಭೆಗೆ ತರಬೇಕೆ? ಉತ್ತರ ಕನ್ನಡದ ಕರಾವಳಿಯನ್ನು ಮುಂದಿಟ್ಟುಕೊಂಡು ಎರಡು ವಾದ ಇಲ್ಲಿವೆ.

ಪರ: ಕಾಣದ ನೀರಿಗೆ ಯಾರೂ ಅಂಜುವುದಿಲ್ಲ

2024ರ ಜುಲೈ 16. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಬಲಿಯಾಯಿತು. ಇಷ್ಟು ಎಲ್ಲರಿಗೂ ನೆನಪಿದೆ. ನನ್ನ ತಲೆಯಿಂದ ಇಳಿಯದೆ ಕೂತಿರುವುದು ಹೊಳೆಯಾಚೆಯ ಉಳುವರೆ. ಗುಡ್ಡ ಬಿದ್ದದ್ದು ಈ ದಡದಲ್ಲಿ. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ನೀರು ಅಲೆಯಾಗಿ ಎದ್ದು ಆ ದಡದ ಮನೆಗಳನ್ನು ಕೆಡವಿತು. ಎದುರು ದಡದ ಗುಡ್ಡದಿಂದ ನಮ್ಮ ಅಂಗಳಕ್ಕೆ ಆಪತ್ತು ಬಂದೀತು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನಾವು ಕಂಡದ್ದನ್ನೇ ಅಳತೆ ಮಾಡಿಕೊಳ್ಳುತ್ತೇವೆ. ನೆರೆ ಬಂದಾಗ ಹಿರಿಯರು ಗೋಡೆಯ ಮೇಲಿನ ಹಳೆಯ ಗುರುತು ತೋರಿಸುತ್ತಾರೆ. ಇಲ್ಲಿಂದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಅಕ್ಕಿ ಮೂಟೆಯನ್ನು ಮಂಚದ ಮೇಲಿಟ್ಟು ಮನೆಯಲ್ಲೇ ಕೂರುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅದು ಅವರ ಕಾಲದ ಮಳೆಯ ಲೆಕ್ಕ. ಹದಿನೈದು ದಿನದಲ್ಲಿ ಬೀಳಬೇಕಾದ ಮಳೆ ಎರಡೇ ದಿನದಲ್ಲಿ ಬಿದ್ದರೆ ಆ ಗುರುತು ಕೆಲಸಕ್ಕೆ ಬರುವುದಿಲ್ಲ. ಇದನ್ನು ತಿಳಿಸಲು ಅಧಿಕಾರಿಗಳು ನಕ್ಷೆ ಬಿಡಿಸಿ ಕೆಂಪು, ಹಳದಿ ಬಣ್ಣ ತೋರಿಸುತ್ತಾರೆ. ನಾವು ತಲೆ ಆಡಿಸಿ ಮನೆಗೆ ಬರುತ್ತೇವೆ. ಆ ಬಣ್ಣದೊಳಗೆ ನಮ್ಮ ಕೊಟ್ಟಿಗೆ ಕಾಣುವುದಿಲ್ಲ, ಅಲ್ವಾ?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ಹತ್ತಿರ ಟರ್ನರ್ ಸ್ಟೇಷನ್ ಎಂಬ ಜಾಗವಿದೆ. ಹಿಂದೆ ಪಕ್ಕದ ಉಕ್ಕಿನ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಕಪ್ಪು ಜನರ ನೆಲೆ ಅದು. ಸುತ್ತ ಹಿನ್ನೀರು. 2003ರಲ್ಲಿ ಇಸಾಬೆಲ್ ಚಂಡಮಾರುತ ಬಂದಾಗ ನೀರು ಬೀದಿಗೆ ನುಗ್ಗಿತ್ತು. ಅಲ್ಲಿನ ಜನರಿಗಾಗಿ ವರ್ಚುವಲ್ ಪ್ಲಾನೆಟ್ ಎಂಬ ಸಂಸ್ಥೆ ವಿಆರ್ ಚಿತ್ರ ಮಾಡಿತು. ಎಲ್ಲಿಯದೋ ಮುಳುಗುವ ದ್ವೀಪದ ಚಿತ್ರವಲ್ಲ, ಅವರದೇ ಬೀದಿ, ಅವರದೇ ಮನೆಸಾಲು. ಕಡಲು ಏರಿದರೆ ನೀರು ಎಲ್ಲಿವರೆಗೆ ಬರುತ್ತದೆ ಎಂದು ಅಲ್ಲೇ ನಿಂತು ನೋಡಬಹುದು. ನನಗೆ ಇದರಲ್ಲಿ ಹಿಡಿಸಿದ್ದು ಈ "ಅವರದೇ" ಎಂಬುದು.

ಒಬ್ಬೊಬ್ಬರಿಗೇ ಕಟ್ಟಿ ತೋರಿಸಲು ಎಷ್ಟು ದಿನ ಬೇಕು ಎಂದು ಕೇಳುವವರಿಗೆ ಟೋಕಿಯೊ ನೋಡಿ ಎನ್ನುತ್ತೇನೆ. ಅಲ್ಲಿನ ಅಗ್ನಿಶಾಮಕ ಇಲಾಖೆ 2018ರಿಂದ ವಿಆರ್ ಇರುವ ಗಾಡಿಯನ್ನೇ ಜನರ ಬಳಿಗೆ ಒಯ್ಯುತ್ತಿದೆ.

ನಮ್ಮಲ್ಲಿ ಮೊದಲು ಇದನ್ನು ತರಬೇಕಾದದ್ದು ಅಘನಾಶಿನಿ ದಡದ ಗಜನಿ ಗದ್ದೆಗಳಿಗೆ. ಉಪ್ಪುನೀರು ತಡೆಯುವ ಒಡ್ಡು ಅಲ್ಲಿನ ಬದುಕು. ಒಡ್ಡು ಎಷ್ಟು ಎತ್ತರ ಇರಬೇಕು, ಎಲ್ಲಿ ಒಡೆದರೆ ಯಾರ ಗದ್ದೆಗೆ ನೀರು, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಕೂಡ ತಾಳದಷ್ಟು ದಿನ ಉಪ್ಪು ನಿಂತರೆ ಏನು ಗತಿ? ಇದನ್ನು ಒಡ್ಡಿನ ಮೇಲೆ ನಿಂತಂತೆ ಕಂಡ ಹತ್ತು ಜನ ರೈತರು ಕನ್ನಡಕ ಕಳಚಿ ಮಾತಿಗೆ ಕೂತರೆ, ಆ ಸಭೆ ಬೇರೆಯೇ ಆಗುತ್ತದೆ. ಒಡ್ಡಿನ ದುರಸ್ತಿಗೆ ದುಡ್ಡು ಕೇಳುವ ದನಿಯೂ ಗಟ್ಟಿಯಾಗುತ್ತದೆ. ತಾಲ್ಲೂಕಿಗೆ ನಾಲ್ಕು ಕನ್ನಡಕ, ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುವ ಒಬ್ಬರು, ಮಳೆಗಾಲಕ್ಕೆ ಮೊದಲಿನ ಎರಡು ತಿಂಗಳು. ನಾನು ಕೇಳುತ್ತಿರುವುದು ಇಷ್ಟೇ.

ವಿರೋಧ: ಶಾಲೆಯ ಬೀಗದ ಕೀ ಯಾರ ಹತ್ತಿರ?

ನೀರಿನ ಮಾತು ಬೇರೆ, ಗುಡ್ಡದ ಮಾತು ಬೇರೆ. ನೀರು ತಗ್ಗು ಹುಡುಕಿಕೊಂಡು ಹೋಗುತ್ತದೆ. ನೆಲದ ಏರುತಗ್ಗು ಅಳೆದಿಟ್ಟರೆ ಕಡಲು ಒಂದಡಿ ಏರಿದಾಗ ಯಾವ ಬೀದಿ ಮುಳುಗುತ್ತದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಟರ್ನರ್ ಸ್ಟೇಷನ್‌ನಲ್ಲಿ ನಡೆದದ್ದು ಅದು. ಗಜನಿಗೂ ಅದು ಒಪ್ಪೀತು, ಇಲ್ಲ ಎನ್ನಲಾರೆ.

ಗುಡ್ಡ ಹಾಗಲ್ಲ. ಮೇಲೆ ಚಿರೇಕಲ್ಲು, ಕೆಳಗೆ ಜಾರುವ ಶೇಡಿ ಮಣ್ಣು. ಆ ಮಣ್ಣು ಎಲ್ಲಿ ಎಷ್ಟು ದಪ್ಪ ಇದೆ, ನೀರು ಎಲ್ಲಿ ಇಂಗಿ ಎಲ್ಲಿ ಒತ್ತುತ್ತಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಜೊತೆಗೆ ರಸ್ತೆಗೆಂದೋ ಮನೆ ತಳಕ್ಕೆಂದೋ ನಾವು ಬುಡ ಕಡಿದು ನಿಲ್ಲಿಸಿದ ಧರೆ. ಅಪಾಯದ ಇಳಿಜಾರು ಇದು ಎಂದು ಭೂವಿಜ್ಞಾನಿಗಳು ಗುರುತಿಸಬಲ್ಲರು. ಆದರೆ ಇದೇ ಕೊಟ್ಟಿಗೆಯ ಮೇಲೆ, ಇಷ್ಟೇ ಮಣ್ಣು ಬರುತ್ತದೆ ಎಂದು ಹೇಳುವುದು ಬಹಳ ಕಷ್ಟ. ವಿಆರ್ ಚಿತ್ರಕ್ಕೆ ಬೇಕಾದದ್ದೇ ಅದು. ಅದು ಒಂದು ಮನೆಯನ್ನು ಹೂತು ತೋರಿಸಲೇಬೇಕು, ಪಕ್ಕದ ಮನೆಯನ್ನು ಉಳಿಸಿ ತೋರಿಸಲೇಬೇಕು. ಆ ಪಕ್ಕದ ಮನೆಯವರು ಏನು ಮಾಡುತ್ತಾರೆ? ನೆಮ್ಮದಿಯಿಂದ ಮಲಗುತ್ತಾರೆ. ನನಗೆ ಭಯ ಇರುವುದು ಅವರ ಬಗ್ಗೆ.

ಉಳುವರೆಯ ವಿಷಯ ಓದಿದಾಗ ನನಗೂ ಹೊಟ್ಟೆ ಕಿವಿಚಿದಂತಾಗುತ್ತದೆ. ಆದರೆ ಆ ಅಲೆಯನ್ನು ಮೊದಲೇ ಚಿತ್ರ ಬಿಡಿಸುವವರು ಯಾರಿದ್ದರು? ಊರಿನವರಿಗೆ ಹೊಳೆಯದ್ದು ದೂರದ ಊರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಹೊಳೆಯುತ್ತದೆ ಎಂಬ ನಂಬಿಕೆ ನನಗಿಲ್ಲ.

ಇನ್ನೊಂದು ಮಾತು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟ ಜಾರಿ ಬಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಮಳೆ ಜೋರಾದರೆ ಇಂದಿಗೂ ಅಂಥವರಿಗೆ ನಿದ್ದೆ ಹತ್ತುವುದಿಲ್ಲ. ಅವರ ಕಣ್ಣಿಗೆ ಕನ್ನಡಕ ಕಟ್ಟಿ ಮತ್ತೆ ಅದೇ ಮಣ್ಣು ತೋರಿಸುವುದೇ? ಬೇಡ ಎನ್ನುವ ಹಕ್ಕು ಅವರಿಗಿರಬೇಕು. ಆದರೆ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಬೇಡ ಎನ್ನುವುದು ಅಷ್ಟು ಸುಲಭವಲ್ಲ.

ಒಡಿಶಾ ನೋಡಿ. 1999ರ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು, ಸಾವು ಕೆಲವೇ ಹತ್ತುಗಳಲ್ಲಿ ನಿಂತಿತು. ನಡುವೆ ಆದದ್ದು ಏನು? ಗಟ್ಟಿ ಆಶ್ರಯ ಕಟ್ಟಡಗಳು, ಮನೆ ಮನೆ ಕದ ತಟ್ಟುವ ಸ್ವಯಂಸೇವಕರು, ವರ್ಷ ವರ್ಷ ಅಣಕು ಪ್ರದರ್ಶನ. ಅಲ್ಲಿನ ನೋಲಿಯಾಸಾಹಿ, ವೆಂಕಟರಾಯಪುರ ಎಂಬ ಎರಡು ಹಳ್ಳಿಗಳು ಸುನಾಮಿಗೆ ಸಿದ್ಧವಾಗಿವೆ ಎಂದು 2020ರಲ್ಲಿ ಯುನೆಸ್ಕೊ ಗುರುತಿಸಿತು. ಜನ ತಮ್ಮ ಕಾಲಲ್ಲೇ ಓಡಿ ದಾರಿ ಕಲಿತಿದ್ದಾರೆ. ಕಾಲು ಕಲಿತದ್ದು ಕತ್ತಲಲ್ಲೂ ನೆನಪಾಗುತ್ತದೆ. ಕುರ್ಚಿಯಲ್ಲಿ ಕೂತು ನೋಡಿದ್ದು ಹಾಗೆ ನೆನಪಾಗುತ್ತದೆಯೇ?

ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಹಿಂದಿನ ದಿನವೇ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ ತನ್ನ ಮಳೆ ಮಾಪಕಗಳ ಲೆಕ್ಕ ನೋಡಿ ಎಚ್ಚರಿಕೆ ಕೊಟ್ಟಿತ್ತು. ಅಪಾಯ ಗೊತ್ತಾಗಿತ್ತು. ಆ ಮಾತು ರಾತ್ರಿಯೊಳಗೆ ಪ್ರತಿ ಮನೆಗೆ ತಲುಪಿ, ಪ್ರತಿ ಮನೆಯವರು ಎದ್ದು ಹೊರಡುವ ಹಾದಿ ಇರಲಿಲ್ಲ. ನಮ್ಮ ದುಡ್ಡು ಹೋಗಬೇಕಾದದ್ದು ಅಲ್ಲಿಗೆ. ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕ, ಅದನ್ನು ದಿನಾ ಬರೆದಿಡುವ ಇಬ್ಬರು ಮಕ್ಕಳು, ಇಷ್ಟು ಮಿಲಿಮೀಟರ್ ದಾಟಿದರೆ ಈ ಕೇರಿ ಖಾಲಿ ಮಾಡಬೇಕು ಎಂಬ ಊರೊಟ್ಟಿನ ತೀರ್ಮಾನ.

ನಮ್ಮ ಊರಿನಲ್ಲಿ ಕಾಳಜಿ ಕೇಂದ್ರ ಎಂದರೆ ಶಾಲೆಯೇ. ಒಂದು ಮಳೆಗಾಲದ ರಾತ್ರಿ ಮನೆ ಹಿಂದಿನ ಧರೆ ಬಿರುಕು ಬಿಟ್ಟದ್ದು ಕಂಡು ನಾಲ್ಕು ಮನೆಯವರು ಹೊರಬಿದ್ದೆವು. ಯಾರಿಗೂ ಯಾವ ಚಿತ್ರವೂ ಬೇಕಿರಲಿಲ್ಲ, ಬಿರುಕು ಕಣ್ಣೆದುರಿಗೇ ಇತ್ತು. ಶಾಲೆಗೆ ಬೀಗ. ಕೀ ಇದ್ದವರು ಪಕ್ಕದೂರಿನಲ್ಲಿದ್ದರು, ಫೋನಿಗೆ ಸಿಗ್ನಲ್ ಇಲ್ಲ. ಮಗು ಎತ್ತಿಕೊಂಡ ತಾಯಿ, ನಡೆಯಲಾಗದ ಅಜ್ಜಿ, ನಾವೆಲ್ಲ ಜಗಲಿಯಲ್ಲಿ ಎರಚಲು ಮಳೆಗೆ ನೆನೆಯುತ್ತ ನಿಂತೆವು. ಬೈಕಿನಲ್ಲಿ ಹೋದ ಹುಡುಗ ಕೀ ತಂದಾಗ ಎರಡೂವರೆ ಗಂಟೆ ಕಳೆದಿತ್ತು. ಮರುದಿನ ಊರಿನವರೇ ಇನ್ನೊಂದು ಕೀ ಮಾಡಿಸಿ, ಶಾಲೆ ಎದುರಿನ ಮನೆಯ ಅಕ್ಕನ ಕೈಗೆ ಕೊಟ್ಟೆವು.